ಕಾಶಿಯ ಅಟ್ಟದ ಅಡ್ಡತೊಲೆ

ನನ್ನ ಸೋದರಮಾವ ಜಟ್ಟಪ್ಪ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ತಲೆಯೆತ್ತಿ ಮೊದಲು ಮಾಡು ನೋಡುತ್ತಿದ್ದ. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಮನೆಯವರ ಮುಖ ಆಮೇಲೆ. ತೊಲೆ ಎಣಿಸುತ್ತಿದ್ದ, ಗೋಡೆಯ ನೆತ್ತಿಯನ್ನು ಆ ತುದಿಯಿಂದ ಈ ತುದಿಯವರೆಗೆ ಕಣ್ಣಲ್ಲೇ ಅಳೆಯುತ್ತಿದ್ದ. ಮನಸ್ಸು ಒಪ್ಪಿದರೆ ಒಳಗೆ ಬರುತ್ತಿದ್ದ, ಇಲ್ಲವಾದರೆ ಜಗಲಿಯಲ್ಲೇ ಬೆಲ್ಲ ನೀರು ಕುಡಿದು ಎದ್ದು ಹೋಗುತ್ತಿದ್ದ. ನಮ್ಮೂರು ಅವರ್ಸಾದ ಜನಕ್ಕೆ ಇದೊಂದು ತಮಾಷೆ. "ಜಟ್ಟಪ್ಪ ಬಂದ, ಹಂಚು ಎಣಿಸ್ಕಂಡು ಹೋಗ್ತ" ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನನಗೆ ಕಾರಣ ಗೊತ್ತಿತ್ತು, ಆ ಕಾರಣಕ್ಕಾಗಿ ಅವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಇಟ್ಟುಕೊಂಡರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಮನೆಯಲ್ಲಿ ನೋಡಿದವಳು ನಾನು, ಆದರೂ ಬಿಡಲಾಗಿಲ್ಲ.

ಜಟ್ಟಪ್ಪ ದೋಣಿ ಕಟ್ಟುವವ. ಬೇಲೇಕೇರಿಯಿಂದ ಕಾರವಾರದವರೆಗೆ ಯಾವ ದಂಡೆಯಲ್ಲಿ ದೋಣಿ ಸೋರಿದರೂ ಅವನಿಗೆ ಹೇಳಿಕಳಿಸುತ್ತಿದ್ದರು. ಬಾಚಿ, ಉಳಿ, ಗರಗಸ ಕಟ್ಟಿದ ಗೋಣಿಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಬರುತ್ತಿದ್ದ. ಹಲಗೆಯ ಮೇಲೆ ಬೆರಳಿನ ಗಂಟಿನಿಂದ ಎರಡು ಸಲ ಬಡಿದು, ಇಲ್ಲಿ ಹುಳ ಬಿದ್ದಿದೆ, ಇಲ್ಲಿ ಬಿದ್ದಿಲ್ಲ ಎನ್ನುತ್ತಿದ್ದ, ಅದು ತಪ್ಪುತ್ತಿರಲಿಲ್ಲ. ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ, ಆದರೆ ಅದು ಪೂರಾ ಬರುತ್ತಿತ್ತು. ಒಂದು ವಿದ್ಯೆ ಪೂರಾ ಬಂದವನಿಗೆ ಬಾರದ ವಿದ್ಯೆಯೂ ಬಂದ ಹಾಗೆ ಕಾಣುತ್ತದೆ. ಅದೇ ಕೆಟ್ಟದ್ದು.

ತಂದೆತಾಯಿ ಬೇಗ ಹೋದ್ದರಿಂದ ತಂಗಿ ಕಾಶಿಯನ್ನು ಅವನೇ ಸಾಕಿದ್ದ. ಕಾಶಿ ನನ್ನ ತಾಯಿ. ಊರಿನ ಗಂಡಸರಿಗಿಂತ ಒಂದು ಗೇಣು ಎತ್ತರ. ಅವಳಿಗೆ ಎಳನೀರು ಕೊಯ್ಯಲು ಏಣಿ ಬೇಡ ಎಂದು ಕೀಟಲೆ ಮಾಡುತ್ತಿದ್ದರಂತೆ. ಅವಳನ್ನು ಅವರ್ಸಾದ ತುಳಸಿದಾಸನಿಗೆ, ಎಂದರೆ ನನ್ನ ತಂದೆಗೆ, ಕೊಟ್ಟರು. ಮನೆಯಲ್ಲಿ ಇದ್ದವಳು ಅತ್ತೆ ಗಂಗಿ, ಎಂದರೆ ನನ್ನ ಅಜ್ಜಿ, ಒಬ್ಬಳೇ. ಮಾವ ಬಾಬು ಅಷ್ಟು ಹೊತ್ತಿಗೆ ಸಮುದ್ರದ ಪಾಲಾಗಿದ್ದ. ದೋಣಿ ದಡಕ್ಕೆ ಬಂತು, ಬಲೆ ಬಂತು, ಬಾಬು ಬರಲಿಲ್ಲ.

ಮನೆ ಕಟ್ಟಿಸಿದ್ದು ಆ ಬಾಬುವೇ. ಕಾರವಾರದಲ್ಲಿ ಹಳೇ ಹತ್ತಿ ಗೋದಾಮೊಂದನ್ನು ಕೆಡವಿ ಮರ ಲಿಲಾವಿಗೆ ಹಾಕಿದ್ದರಂತೆ. ಅಲ್ಲಿಂದ ಮೂರು ಕೈಂಚಿ ಹಿಡಿದು ಸಮುದ್ರದ ಮೇಲೇ ಸಾಗಿಸಿ ತಂದ. ಕೈಂಚಿ ಎಂದರೆ ಮಾಡನ್ನು ಹೊರುವ ತ್ರಿಕೋನ. ಎರಡು ಓರೆತೊಲೆ ಮೇಲೆ ನೆತ್ತಿಯಲ್ಲಿ ಕೂಡುತ್ತವೆ, ಕೆಳಗೆ ಅವುಗಳ ಪಾದ ಗೋಡೆಯ ಮೇಲೆ ಕೂರುತ್ತದೆ, ಆ ಪಾದದಿಂದ ಈ ಪಾದಕ್ಕೆ ಒಂದು ಅಡ್ಡತೊಲೆ. ಚಿರೇಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ನಮ್ಮ ಕೇರಿಯಲ್ಲಿ ಉಳಿದವರದೆಲ್ಲ ತೆಂಗಿನ ಮಡ್ಲಿನ ಗುಡಿಸಲು. ಬಾಬು ಕೆಳಗೊಂದು ಕೋಣೆ, ಮೇಲೊಂದು ಹಲಗೆಯ ಅಟ್ಟ ಮಾಡಿಸಿ, ಅಟ್ಟದಲ್ಲಿ ಬಲೆ ಮತ್ತು ಒಣಮೀನು ಇಡುತ್ತಿದ್ದ.

ಹೊಸ ಮದುಮಕ್ಕಳಿಗೆ ಬೇರೆ ಜಾಗ ಎಲ್ಲಿದೆ? ಅಟ್ಟವೇ ಕೋಣೆಯಾಯಿತು. ಆದರೆ ಅಡ್ಡತೊಲೆಗಳು ಹಲಗೆಯಿಂದ ಎದೆಮಟ್ಟಕ್ಕೆ ಹಾದುಹೋಗಿದ್ದವು. ನಡುವಿನ ತೊಲೆಯಂತೂ ಹಾಸಿಗೆಗೂ ಕಿಟಕಿಗೂ ಮಧ್ಯದಲ್ಲೇ ಬರುತ್ತಿತ್ತು. ಕಾಶಿ ದಿನಕ್ಕೆ ಹತ್ತು ಸಲ ಬಗ್ಗಿ ನುಸುಳಬೇಕು, ಮರೆತರೆ ಪೆಟ್ಟು. ಒಂದು ದಿನ ಅಣ್ಣ ನೋಡಲು ಬಂದಾಗ ಅವಳ ಕೊರಳೆಲುಬಿನ ಮೇಲೆ ಮೂರು ನೀಲಿ ಗುರುತಿದ್ದವು. ಗಂಡ ಹೊಡೆದನೆಂದು ಅವನು ಮುಷ್ಟಿ ಬಿಗಿದನಂತೆ.

"ಅವ್ರು ಎಂತಕ್ಕೆ ಹೊಡೀತ್ರು? ತೊಲೆ ಹೊಡದದ್ದು" ಎಂದಳು ಕಾಶಿ. "ಅಣ್ಣ, ನಂಗೆ ಚಿನ್ನ ಬೇಡ, ಸೀರೆ ಬೇಡ. ನನ್ನ ಕೋಣೇಲಿ ನೆಟ್ಟಗೆ ನಿಂತ್ಕಂಬೂಕೆ ಆಗೂಹಾಂಗೆ ಮಾಡ್ಕೊಡು."

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮರುವರ್ಷ ಅದು. ದೀಪಾವಳಿ ಮುಗಿದ ಮೇಲೆ ಜಟ್ಟಪ್ಪ ಅಟ್ಟ ಹತ್ತಿದ. ಅಂಗಾತ ಮಲಗಿ ಮಾಡನ್ನು ನೋಡಿದ. ನೋಡಿದರೆ ಏನು ಕಾಣಬೇಕು ಅವನಿಗೆ? ಬೋರಲು ಹಾಕಿದ ದೋಣಿ ಕಂಡಿತು. ನೆತ್ತಿತೊಲೆ ದೋಣಿಯ ಬೆನ್ನೆಲುಬು, ಓರೆತೊಲೆಗಳು ಪಕ್ಕೆಮರ. ದೋಣಿಯ ಹೊಟ್ಟೆಯಲ್ಲಿ ಅಡ್ಡಮರ ಬೇಡವೆಂದರೆ ತೆಗೆಯಬಹುದು, ಮೂಲೆಗೆ ಬಾಗಿದ ಹೊನ್ನೆಮರದ ಮೊಣಕೈ ಹಾಕಿ ಬಿಗಿದರೆ ಸಾಕು. ಎಷ್ಟು ದೋಣಿಗೆ ಹಾಗೆ ಮಾಡಿದ್ದನೋ. ಗಂಗಿ ಮಾತ್ರ ಕೆಳಗಿನಿಂದ, "ನನ್ನ ಗಂಡ ತಂದ ಮರ ಅದು, ಕೊಯ್ದ್ರೆ ಎಂತದೂ ಆಗೂದಿಲ್ಲಲ್ಲಾ?" ಎಂದು ಕೇಳಿದಳು. "ಎಂತದೂ ಆಗೂದಿಲ್ಲ ಅತ್ತೆ. ತೂಫಾನಿಗೆ ಸಿಕ್ಕಿದ ದೋಣಿಗೇ ಎಂತದೂ ಆಗ್ಲಿಲ್ಲ" ಎಂದ.

ನಡುವಿನ ಅಡ್ಡತೊಲೆಯನ್ನು ಎರಡೂ ಕಡೆ ಕೊಯ್ದು ತೆಗೆದ. ಅದೇ ಮರದಲ್ಲಿ ಒಂದು ತುಂಡನ್ನು ಕಾಶಿಯ ಕೈ ಎಟುಕದಷ್ಟು ಮೇಲೆ ಕೂರಿಸಿದ. ಮೂಲೆಗಳಿಗೆ ಮೊಣಕೈ ಮರ ಹಾಕಿ ಮೊಳೆ ಹೊಡೆದ. ಎರಡು ದಿನದ ಕೆಲಸ. ಕಾಶಿ ಮೇಲೆ ಹೋಗಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು, ತಿರುಗಿ ನಡೆದಳು, ಕೈ ಎರಡೂ ಮೇಲೆತ್ತಿ ನಿಂತಳು. "ಈಗ ನಾ ನನ್ನಷ್ಟು ಉದ್ದ ಆದೆ" ಎಂದಳಂತೆ. ಕೇರಿಯ ಹೆಂಗಸರೆಲ್ಲ ಏಣಿ ಹತ್ತಿ ನೋಡಿ ಹೋದರು. ಬೇಲೇಕೇರಿಯ ಇಬ್ಬರು ತಮ್ಮ ಮನೆಗೂ ಹಾಗೆ ಮಾಡಿಕೊಡೆಂದು ಕೇಳಿದರು. ಜಟ್ಟಪ್ಪ ಆ ವರ್ಷ ಸ್ವಲ್ಪ ಎದೆ ಮುಂದೆ ಮಾಡಿ ನಡೆದ ಎಂದು ಅಜ್ಜಿ ಹೇಳುತ್ತಿದ್ದಳು.

ಮಳೆಗಾಲ ಹಿಡಿಯಿತು. ಹಂಚು ನೀರು ಕುಡಿದು ಭಾರವಾದವು. ಆಗ ಅಟ್ಟದಲ್ಲಿ ಸದ್ದು ಶುರುವಾಯಿತು. ಕಿರ್ರ್ ಎಂದು ಒಂದು ಉದ್ದದ ಸದ್ದು, ಸ್ವಲ್ಪ ತಡೆದು ಮತ್ತೊಂದು. ಮಳೆ ಜೋರಾದರೆ ಬೇಗ ಬೇಗ, ಹೊಳವಾದರೆ ಇಲ್ಲ. ಗಂಗಿ ಒರಳ ಮುಂದೆ ಕೂತವಳು ಕೈ ನಿಲ್ಲಿಸಿ ಕೇಳಿದಳು. ಅವಳಿಗೆ ಆ ಸದ್ದಿನ ಗುರುತು ಹತ್ತಿತು. ಮೂವತ್ತು ವರ್ಷ ಬೆಳಗಿನ ಜಾವ ದಂಡೆಯಲ್ಲಿ ನಿಂತು ಕೇಳಿದ ಸದ್ದು ಅದು, ಬಾಬು ದೋಣಿಗೆ ಹುಟ್ಟು ಹಾಕುವ ಸದ್ದು.

"ಅವ ಬಂದ" ಎಂದಳು. ಹೆದರಲಿಲ್ಲ ಅವಳು. ಹೆಣ ಸಿಗದ ಗಂಡ ಕೊನೆಗೂ ದಾರಿ ಹುಡುಕಿಕೊಂಡು ತಾನು ಕಟ್ಟಿಸಿದ ಮನೆಗೆ ಬಂದನಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಸದ್ದು ಬಂದಾಗಲೆಲ್ಲ ತಲೆ ಮೇಲೆತ್ತಿ, ಇವತ್ತು ಗಾಳಿ ಜೋರು ಅಲ್ದಾ, ಸೊಸೆಗೆ ಏಳು ತಿಂಗಳಾಯ್ತು ಎಂದು ಮಾತಾಡಿಸುತ್ತಿದ್ದಳು. ಹೊಟ್ಟೆಯೊಳಗಿದ್ದವಳು ನಾನು. ನನ್ನ ಸುದ್ದಿಯನ್ನು ಅಜ್ಜಿ ಹೇಳಿದ್ದು ಮರದ ಬಿರುಕಿಗೆ.

ಜಟ್ಟಪ್ಪ ಬಂದು ಕೇಳಿದ. ಅವನಿಗೆ ಹುಟ್ಟಿನ ಸದ್ದೂ ಗೊತ್ತು, ಮರದ ಸದ್ದೂ ಗೊತ್ತು. ಅಟ್ಟ ಹತ್ತಿ ನೋಡಿದರೆ ಮೊಣಕೈ ಮರ ಓರೆತೊಲೆಯನ್ನು ಬಿಟ್ಟು ಬೆರಳು ಹೋಗುವಷ್ಟು ದೂರ ಸರಿದಿತ್ತು. ಗೋಡೆಗೆ ತೂಗುಗುಂಡು ಬಿಟ್ಟ. ನೆತ್ತಿ ಎರಡು ಬೆರಳು ಹೊರಕ್ಕೆ ವಾಲಿತ್ತು. ಯಾಕೆಂದು ತಿಳಿಯಲಿಲ್ಲ. ಮಾರನೇ ದಿನ ಸರ್ವಿಸ್ ಮೋಟಾರು ಹಿಡಿದು ಕಾರವಾರಕ್ಕೆ ಹೋದ. ಅಲ್ಲಿ ಸರ್ಕಾರಿ ಕಟ್ಟಡಗಳಿಗೆ ಮಾಡು ಕಟ್ಟುತ್ತಿದ್ದ ಮಾಬ್ಲೇಶ್ವರ ಎಂಬ ಮೇಸ್ತ್ರಿಯನ್ನು ಕಂಡ.

ಮಾಬ್ಲೇಶ್ವರ ಎಲ್ಲ ಕೇಳಿಸಿಕೊಂಡು ಎರಡು ಬಿದಿರ ದಬ್ಬೆ ತಂದ. ತುದಿ ಕೂಡಿಸಿ ನಿಲ್ಲಿಸಿ, ಕೆಳಗಿನ ಎರಡು ಕಾಲಿಗೆ ಒಂದು ದಾರ ಕಟ್ಟಿ, ಮೇಲಿನಿಂದ ಅಂಗೈಯಲ್ಲಿ ಒತ್ತಲು ಹೇಳಿದ. ಒತ್ತಿದರೆ ಅಲುಗಲಿಲ್ಲ. ಆಮೇಲೆ ದಾರ ಹರಿದ. ದಬ್ಬೆಗಳು ಜಾರಿ ನೆಲಕ್ಕೆ ಮಲಗಿದವು.

"ಅಡ್ಡತೊಲೆ ಮಾಡು ಎತ್ತಿ ಹಿಡೀತದೆ ಅಂತ ತಿಳ್ದಿದ್ಯಾ? ಅದು ಹಗ್ಗ ಮಾರಾಯ. ಎರಡು ಗೋಡೇನ ಒಳಗೆ ಎಳ್ದು ಹಿಡಿಯೂದು ಅದರ ಕೆಲಸ. ನಿನ್ನ ದೋಣೀನ ನೀರು ಹೊರಗಿಂದ ಒತ್ತತದೆ. ಮಾಡು ಒಳಗಿಂದ ಹೊರಗೆ ಒದೀತದೆ" ಎಂದ ಮಾಬ್ಲೇಶ್ವರ. ಮತ್ತೆ, "ತಲೆಗೆ ಜಾಗ ಬೇಕಾದ್ರೆ ತೊಲೆ ಕೊಯ್ಯೂಕೆ ಮುಂಚೆ ಎರಡು ಗೋಡೇನ ಒಂದಕ್ಕೊಂದು ಬಿಗ್ದು ಹಾಕ್ಬೇಕಿತ್ತು. ಈಗ ಕಬ್ಬಿಣದ ಸಲಾಕೆ ಮಾಡ್ಸು, ಎರಡೂ ಕಡೆ ಗೋಡೆ ಹೊರಗೆ ಬಿಗಿ. ಅಲ್ಲಿವರೆಗೆ ಜನಾನ ಕೆಳಗೆ ಇಳ್ಸು. ಒಂದು ದಿನಾನೂ ತಡ ಮಾಡ್ಬೇಡ" ಎಂದ.

ಕಮ್ಮಾರನಿಗೆ ಸಲಾಕೆ ಹೇಳಿ ಜಟ್ಟಪ್ಪ ಹಿಂತಿರುಗಿದ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದನಂತೆ: ಅತ್ತೆ, ಅದು ಮಾವ ಅಲ್ಲ, ನಾ ತಪ್ಪು ಕೊಯ್ದೆ. ಏಳೇ ಮಾತು. ಮನೆ ಬಾಗಿಲಿಗೆ ಬಂದರೆ ಗಂಗಿ ಬಾಬುವಿನ ಹಳೇ ಬಲೆಯನ್ನೂ ಕಬ್ಬಿಣದ ಲಂಗರನ್ನೂ ಹೊರಗೆ ತೆಗೆದು, ತೊಳೆದು, ಎಣ್ಣೆ ಹಚ್ಚಿ ಇಟ್ಟಿದ್ದಳು. ಗಂಡ ಹೋದ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ಯಾರೂ ನೋಡಿರಲಿಲ್ಲ.

"ಒಳ್ಳೆ ಹೊತ್ತಿಗೆ ಬಂದೆ ಜಟ್ಟಪ್ಪಾ. ಅವ ಕೂತ್ಕಂಬೂಕೆ ಜಾಗ ಇಲ್ದೆ ತಿರುಗ್ತ ಅದಾನೆ. ಅವನ ಸಾಮಾನು ಅಟ್ಟದಲ್ಲಿ ತೂಗ್ಹಾಕು. ನಡುವಿಗೇ ಹಾಕು."

ಇಲ್ಲಿ ಅವನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಷ್ಟೋ ವರ್ಷದ ಮೇಲೆ ನಾನು ಕೇಳಿದಾಗ, "ಅವಳ ಗಂಡನ್ನ ಎರಡನೇ ಸಲ ಹ್ಯಾಂಗೆ ಮುಳುಗಿಸಲಿ" ಎಂದ. ಅದು ಅರ್ಧ ನಿಜ. ಉಳಿದರ್ಧ ಅವನ ಹೆಮ್ಮೆ. ತಪ್ಪು ಕೊಯ್ದವನೆಂದು ಬೇಲೇಕೇರಿಯವರೆಗೂ ಸುದ್ದಿ ಹೋಗುವುದು ಅವನಿಗೆ ಬೇಡವಾಗಿತ್ತು. ಸಲಾಕೆ ಬಂದ ಮೇಲೆ ಏನೋ ನೆವ ಹೇಳಿ ಹಾಕಿದರಾಯಿತು, ಸದ್ದು ನಿಲ್ಲುತ್ತದೆ, ಮುದುಕಿ ಗಂಡನಿಗೆ ಸಮಾಧಾನವಾಯಿತೆಂದು ತಿಳಿಯುತ್ತಾಳೆ ಎಂದು ಲೆಕ್ಕ ಹಾಕಿದ. ಮತ್ತು ತಾನೇ ಕೊಯ್ದ ಕೈಂಚಿಯ ನೆತ್ತಿಗೆ ಆ ಬಲೆಯನ್ನೂ ಲಂಗರನ್ನೂ ತೂಗುಹಾಕಿದ.

ಅಲ್ಲಿವರೆಗೆ ಹಿಡಿಯಲಿ ಎಂದು, ತೊಲೆ ಇದ್ದ ಜಾಗದಲ್ಲಿ ದಪ್ಪನೆಯ ಕತ್ತದ ಹಗ್ಗ ಕಟ್ಟಿ, ಕೋಲು ಸಿಕ್ಕಿಸಿ ತಿರುಚಿ ಬಿಗಿ ಮಾಡಿದ. ಯಾಕೆಂದು ಕೇಳಿದ್ದಕ್ಕೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಎಂದ. ಅವನು ಅತ್ತ ಹೋಗುವುದೇ ತಡ, ಗಂಗಿ ಮಗನನ್ನು ಕರೆದು ಹಗ್ಗ ಬಿಚ್ಚಿಸಿದಳು. ಬಸುರಿ ಹಗ್ಗ ದಾಟಬಾರದು. ಮೇಲಿನಿಂದ ದಾಟಲಿ, ಕೆಳಗಿನಿಂದ ನುಸುಳಲಿ, ಕೂಸಿನ ಕೊರಳಿಗೆ ಕರುಳಬಳ್ಳಿ ಸುತ್ತುತ್ತದೆ. ದೋಣಿ ಕಟ್ಟುವ ಗಂಡಸಿಗೆ ಇದೆಲ್ಲ ಏನು ಗೊತ್ತು ಎಂದು ಬೈದಳು ಕೂಡ. ಜಟ್ಟಪ್ಪ ಮುಂದಿನ ವಾರ ಬಂದು ಬಿಚ್ಚಿದ ಹಗ್ಗ ಸುರುಳಿ ಸುತ್ತಿ ಮೂಲೆಯಲ್ಲಿಟ್ಟದ್ದನ್ನು ನೋಡಿದ. ಆಗಲೂ ಬಾಯಿ ಬಿಡಲಿಲ್ಲ.

ಕಮ್ಮಾರ ತಡ ಮಾಡಿದ. ಸಲಾಕೆ ಕೈಗೆ ಬರುವಾಗ ನಾನು ಹುಟ್ಟಿ ನಾಲ್ಕು ದಿನವಾಗಿತ್ತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಕಾಶಿಯ ಬಾಣಂತನ ಅತ್ತೆಯ ಮನೆಯಲ್ಲೇ, ಅದೇ ಅಟ್ಟದಲ್ಲಿ. ಬಾಣಂತಿಯ ಕೋಣೆಗೆ ಇಪ್ಪತ್ತೊಂದು ದಿನ ಗಂಡಸರು ಕಾಲಿಡುವ ಹಾಗಿಲ್ಲ, ಅಣ್ಣನಾದರೂ ಇಲ್ಲ. ಸಲಾಕೆಯನ್ನು ಜಟ್ಟಪ್ಪ ತನ್ನ ದೋಣಿಕೊಟ್ಟಿಗೆಯಲ್ಲಿ ಗೋಣಿ ಸುತ್ತಿ ಇಟ್ಟ. ಇಪ್ಪತ್ತೊಂದು ದಿನ ಕಾಯೋಣ, ಇಷ್ಟು ದಿನ ನಿಂತದ್ದು ಇನ್ನೂ ನಿಂತೀತು ಎಂದುಕೊಂಡ. ಒಂದು ಮಾತು ಹೇಳಿದ್ದರೆ ಗಂಗಿ ತಾನೇ ಸೊಸೆಯನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದಳು. ನನಗೆ ಸಿಟ್ಟು ಬರುವುದು ಕೊಯ್ದದ್ದಕ್ಕಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅಜ್ಜಿ ನನ್ನನ್ನು ಹಿತ್ತಲಿನ ಬಚ್ಚಲಿಗೆ ತಂದು, ಕಾಲು ಚಾಚಿ ಮೊಣಗಂಟಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಸ್ನಾನ ಮುಗಿಸಿದ ಕಾಶಿ ಮೇಲೆ ಬೆಚ್ಚಗೆ ಮಲಗಿದ್ದಳು. ಹುಟ್ಟು ಹಾಕುವ ಸದ್ದು ಬೇಗ ಬೇಗ ಕೇಳಿಸಿತು. "ಕೇಳು, ನಿನ್ನಜ್ಜ ದಡಕ್ಕೆ ಬಂದ" ಎಂದು ಅಜ್ಜಿ ನನಗೆ ಹೇಳಿದಳಂತೆ. ಆಮೇಲೆ ಗೋಡೆ ಹೊರಕ್ಕೆ ಬಿತ್ತು, ಮಾಡು ಒಳಕ್ಕೆ ಬಿತ್ತು. ಹಂಚು ಬೀಳುವ ಸದ್ದು ಮುಗಿಯಲು ಬಹಳ ಹೊತ್ತು ಹಿಡಿಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಜನ ಬಂದು ತೊಲೆ ಎತ್ತಿದಾಗ ಕಾಶಿಯ ಮೇಲೆ ಬಾಬುವಿನ ಬಲೆ ಹರಡಿತ್ತು. ಲಂಗರು ಅವಳ ತಲೆಯ ಬಳಿ ಬಿದ್ದಿತ್ತು.

ಬಲೆ ನೋಡಿದ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಒಂಟಿಯಾಗಿದ್ದ ಬಾಬು ಸೊಸೆಯನ್ನು ಕರೆದುಕೊಂಡು ಹೋದ ಎಂದರು. ಗಂಗಿ ಬಲೆಯನ್ನು ದಂಡೆಗೆ ಎಳೆದುಕೊಂಡು ಹೋಗಿ ಸಮುದ್ರಕ್ಕೆ ಎಸೆದಳು. "ಜಾಗ ಕೊಟ್ಟೆ ನಿಂಗೆ. ಕೂಸಿನ ತಾಯೀನೇ ತಿಂದ್ಯಾ. ಇನ್ನು ನನ್ನ ಕೈಯಾಗಿನ ಒಂದು ಅಗುಳು ನಿಂಗಿಲ್ಲ" ಎಂದು ಅಲೆಗೆ ಮುಖ ಮಾಡಿ ಹೇಳಿದಳು. ಹೇಳಿದಂತೆ ನಡೆದಳು. ಮಹಾಲಯ ಅಮಾಸೆಗೆ ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಅಂಗಳದಲ್ಲಿ ಎಲೆ ಹಾಕಿ ಅನ್ನ, ಮೀನು ಬಡಿಸುತ್ತಾರೆ. ಗಂಗಿ ಕಾಶಿಗೆ ಮಾತ್ರ ಎಲೆ ಹಾಕಿದಳು. ಸತ್ತ ಗಂಡನನ್ನು ಉಪವಾಸ ಕೆಡವಿದ ಹೆಂಗಸೆಂದು ಕೇರಿಯಲ್ಲಿ ಕೆಲವರು ಅವಳ ಮನೆಯ ನೀರು ಮುಟ್ಟಲಿಲ್ಲ. ಅವಳು ಜಗ್ಗಲಿಲ್ಲ.

ನನ್ನ ತಂದೆ ಮುಂಬೈ ಬಂದರಿನ ಕೂಲಿಗೆ ಹೋದ. ಜಟ್ಟಪ್ಪ ಬಿದ್ದ ಗೋಡೆಯ ಕಲ್ಲಿನಿಂದಲೇ ನಮಗೊಂದು ಗಿಡ್ಡ ಗುಡಿಸಲು ಕಟ್ಟಿಕೊಟ್ಟ, ದಿನವೂ ಮೀನು ತಂದು ಜಗಲಿಯಲ್ಲಿಟ್ಟು ಹೋಗುತ್ತಿದ್ದ. ಅಟ್ಟ ಬಿದ್ದ ಮೇಲೆ ಹುಟ್ಟಿನ ಸದ್ದು ಗಂಗಿಗೆ ಎಂದೂ ಕೇಳಲಿಲ್ಲ. ಕೇಳತೊಡಗಿದ್ದು ಜಟ್ಟಪ್ಪನಿಗೆ. ತೊಲೆಯೂ ಇಲ್ಲದ, ದೋಣಿಯೂ ಇಲ್ಲದ ಬಯಲಲ್ಲಿ, ಮಳೆ ಬಂದರೆ ಬೆನ್ನ ಹಿಂದೆ ಕಿರ್ರ್ ಎನ್ನುತ್ತಿತ್ತಂತೆ. ಅದು ಮರದ ಸದ್ದು ಎಂದು ಲೋಕದಲ್ಲಿ ಗೊತ್ತಿದ್ದವನು ಅವನೊಬ್ಬನೇ, ಅವನೇ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಅಮಾಸೆಗೆ ಗುಟ್ಟಾಗಿ ಬಂಡೆಯ ಮೇಲೆ ತಾನೇ ಬಾಬುವಿಗೆ ಎಲೆ ಹಾಕಿ ನೋಡಿದ. ಕಾಗೆ ಬಂದು ಕೂತು, ಮುಟ್ಟದೆ ಹಾರಿಹೋಗುತ್ತಿತ್ತು. ವರ್ಷವೂ ಹಾಗೇ ಆಯಿತು.

ಯುರೋಪಿನಲ್ಲಿ ಯುದ್ಧ ಹತ್ತಿದೆಯೆಂದು ಅಂಕೋಲೆಯ ಪೇಟೆಯಲ್ಲಿ ಸುದ್ದಿಯಾದ ವರ್ಷ ಅಜ್ಜಿಗೆ ಉಬ್ಬಸ ಜೋರಾಯಿತು. ಆಗ ನನಗೆ ಏಳು ವರ್ಷ. ಇಲ್ಲಿಂದ ಮುಂದಿನದನ್ನು ನಾನೇ ಕಣ್ಣಾರೆ ಕಂಡೆ. ಅಮಾಸೆಯ ದಿನ ಬೆಳಿಗ್ಗೆ ಅವಳು ಜಟ್ಟಪ್ಪನನ್ನು ಕರೆಸಿ ಎದುರಿಗೆ ಕೂರಿಸಿದಳು.

"ನಾ ಬರೂ ವರ್ಷ ಇರೂದಿಲ್ಲ. ಎಲ್ಲರೂ ಗಂಡ ಹೆಂಡ್ತಿ ಎಲೆ ಜೋಡಿ ಹಾಕ್ತ್ರು. ನನ್ನ ಎಲೆ ಅವನ ಹತ್ರ ಹಾಕೂದಿಲ್ಲ ಅಂತ ನಂಗೆ ಭಾಷೆ ಕೊಡು. ಕಾಶಿ ಹತ್ರ ಹಾಕು" ಎಂದು ಕೈ ಚಾಚಿದಳು.

ಜಟ್ಟಪ್ಪ ಆ ಕೈಯನ್ನು ನೋಡಿದ. ಮುಟ್ಟಲಿಲ್ಲ.

"ಅತ್ತೆ, ಅದು ಮಾವ ಅಲ್ಲ" ಎಂದ. "ಮಾವ ಬರ್ಲೇ ಇಲ್ಲ. ಸದ್ದು ತೊಲೇದು. ನಾ ತಪ್ಪು ಕೊಯ್ದೆ. ಗೊತ್ತಾದ ಮೇಲೂ ಬಲೆ ತೂಗ್ಹಾಕ್ದೆ. ಹಗ್ಗ ಕಟ್ಟಿದ್ದು ಬಟ್ಟೆಗಲ್ಲ."

ಅಜ್ಜಿ ಕೈಯನ್ನು ಹಾಗೇ ಚಾಚಿಕೊಂಡಿದ್ದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವನೂ ಹಾಗೇ ಎಂದುಕೊಂಡಿರಬೇಕು, ಕಣ್ಣು ಮುಚ್ಚಿ ಕೂತಿದ್ದ. ಅವಳು ಉಸಿರೆಳೆದುಕೊಂಡು, "ಏಳು ವರ್ಷ" ಎಂದಳು. "ಏಳು ವರ್ಷ ಆಯ್ತು ಅವ ಉಂಡು."

ಗೋಡೆ ಹಿಡಿದು ಎದ್ದಳು. ಅಕ್ಕಿ ತರಲು ನನಗೆ ಹೇಳಿದಳು. ಅವನ ಕಡೆ ನೋಡದೆ, "ಇಸವಾಣ ಮೀನು ತಕಂಬಾ. ಸಣ್ಣದು ಬೇಡ. ಬಾಳೆ ಎಲೆ ಕೊಯ್ಕಂಬಾ" ಎಂದಳು. ಅವನು ಓಡಿದ. ಉಬ್ಬಸದ ಹೆಂಗಸು ಒಲೆ ಊದಿದಳು, ಮಸಾಲೆ ಅರೆದಳು. ನಾನು ಮಾಡುತ್ತೇನೆ ಎಂದರೆ ಒರಳು ಬಿಡಲಿಲ್ಲ.

ಅಂಗಳ ಸಾರಿಸಿ ಮೊದಲು ನನ್ನ ತಾಯಿಯ ಎಲೆ ಹಾಕಿದಳು. ಆಮೇಲೆ ಗಂಡನಿಗೆ ಒಂದು ಎಲೆ. ಅದರ ಪಕ್ಕ ಇನ್ನೊಂದು. ಮತ್ತೊಂದು. ಯಾರಿಗೆ ಎಂದು ನಾನು ಕೇಳಿದೆ. "ಅವನಿಗೇ" ಎಂದಳು. ಕಳೆದ ಏಳು ವರ್ಷದ್ದು ಏಳು, ಈ ವರ್ಷದ್ದೊಂದು. ಎಂಟು ಎಲೆಗೂ ಬಗ್ಗಿ ಬಗ್ಗಿ ಅನ್ನ ಬಡಿಸಿ, ಮೀನಿನ ನಡುತುಂಡು ಇಟ್ಟಳು. ಪ್ರತಿ ಎಲೆಯ ಮುಂದೂ ಏನೋ ಹೇಳಿದಳು. ಮೂರನೆಯ ಎಲೆಯ ಹತ್ತಿರ ಬಂದಾಗ ಅವಳ ಮಾತು ಅಳುವಾಗಿ, ನನಗೆ ಏನೂ ತಿಳಿಯಲಿಲ್ಲ.

ಜಟ್ಟಪ್ಪ ಎಲೆ ಕೊಯ್ದ ಕತ್ತಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದ. ಆಮೇಲೆ ಮೆಲ್ಲಗೆ ಬಂದು ತಂಗಿಯ ಎಲೆಯ ಎದುರಿಗೆ ನೆಲದ ಮೇಲೆ ಕೂತ. ಅಜ್ಜಿ ಪಾತ್ರೆ ಹಿಡಿದು ಅವನ ಪಕ್ಕದಲ್ಲೇ ಎರಡು ಸಲ ಹಾದುಹೋದಳು. ಅವನಿಗೆ ಬಡಿಸಲಿಲ್ಲ. ಎದ್ದು ಹೋಗು ಎಂದೂ ಹೇಳಲಿಲ್ಲ.